ತುಳಿಯುವ ಕಾಲು ಯಾರ ತಾಳಕ್ಕೆ?

ಸೈಕಲ್ ತುಳಿಯುತ್ತೇವೆ, ಹೊಲಿಗೆ ಯಂತ್ರ ತುಳಿಯುತ್ತೇವೆ, ಕುಂಬಾರರು ಮಣ್ಣು ತುಳಿಯುತ್ತಾರೆ. ಬಲವಿದ್ದವರು ಇಲ್ಲದವರನ್ನೂ ತುಳಿಯುತ್ತಾರೆ. ದುಡಿಮೆಗೂ ದಬ್ಬಾಳಿಕೆಗೂ ಕನ್ನಡ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿದೆ. ಕಾಲಿನ ಬಲದಿಂದ ನಡೆಯುತ್ತಿದ್ದ ಹಳೆಯ ಮರಗೆಲಸದ ಯಂತ್ರಗಳ ಬಗ್ಗೆ ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇಂಗ್ಲೆಂಡಿನ ಚಿಲ್ಟರ್ನ್ ಬೆಟ್ಟಗಳ ಬೀಚ್ ಕಾಡುಗಳಲ್ಲಿ, 20ನೇ ಶತಮಾನದವರೆಗೂ, ಕುರ್ಚಿಯ ಕಾಲುಗಳನ್ನು ಕಡೆಯುವವರಿದ್ದರು. ಹತ್ತಿರದ ಹೈ ವಿಕೂಂಬ್ ಊರಿನ ಕುರ್ಚಿ ತಯಾರಕರಿಗೆ ಅವರ ಸರಕು ಹೋಗುತ್ತಿತ್ತು. ಅವರ ಲೇತ್ ಬಹಳ ಸರಳ. ತಲೆಯ ಮೇಲೆ ಬಾಗುವ ಒಂದು ಉದ್ದನೆಯ ಕೋಲು, ಅದರಿಂದ ಇಳಿದ ಹಗ್ಗ ಮರದ ತುಂಡನ್ನು ಸುತ್ತಿ ಕಾಲಡಿಯ ಹಲಗೆಗೆ ಬಂದು ಸೇರುತ್ತದೆ. ತುಳಿದಾಗ ಮರ ತನ್ನೆಡೆಗೆ ತಿರುಗುತ್ತದೆ, ಉಳಿ ಕೆತ್ತುತ್ತದೆ. ಕಾಲೆತ್ತಿದಾಗ ಕೋಲು ಹಗ್ಗವನ್ನು ಮೇಲಕ್ಕೆಳೆಯುತ್ತದೆ, ಮರ ಹಿಂದಕ್ಕೆ ತಿರುಗುತ್ತದೆ, ಆಗ ಉಳಿಗೆ ಕೆಲಸವಿಲ್ಲ. ಅರ್ಧ ಹೊತ್ತು ಕೆಲಸ, ಅರ್ಧ ಹೊತ್ತು ಬಿಡುವು. ಎಂಜಿನಿಯರುಗಳು ಇದನ್ನು ನಷ್ಟ ಎಂದಾರು. ನನಗೆ ಹಾಗನ್ನಿಸುವುದಿಲ್ಲ.

ಆ ಬಿಡುವನ್ನು ಇಲ್ಲವಾಗಿಸಿದ್ದು ಭಾರವಾದ ಗಾಲಿ. ಕಾಲಿನ ಒತ್ತನ್ನು ಗಾಲಿ ಹಿಡಿದಿಟ್ಟುಕೊಂಡು ಒಂದೇ ದಿಕ್ಕಿಗೆ ಸತತವಾಗಿ ತಿರುಗಿಸುತ್ತದೆ. ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟ ಚಿತ್ರಗಳಲ್ಲೇ ಅಂಥ ಲೇತ್ ಇದೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿದ್ದ ಬಾರ್ನ್ಸ್ ಕಂಪನಿ ಇದನ್ನೇ ಎರಕದ ಕಬ್ಬಿಣದಲ್ಲಿ ಮಾಡಿ ಮಾರಿತು: ಲೇತ್, ಹಲಗೆ ಸೀಳುವ ಗರಗಸ, ಬಳ್ಳಿ–ಹೂವಿನ ಆಕಾರ ಕೊಯ್ಯುವ ಸಣ್ಣ ಗರಗಸ. ಕೆಲವಕ್ಕೆ ಸೈಕಲ್ಲಿನಂತೆ ಸೀಟು, ಎರಡು ಪೆಡಲು. ಹಬೆ ಎಂಜಿನ್ ಇಲ್ಲದ ಸಣ್ಣ ಬಡಗಿಯೂ ಇವುಗಳ ಬಲದಿಂದ ಹಬೆಯ ಜೊತೆ ಪೈಪೋಟಿ ಮಾಡಬಹುದು ಎಂಬುದು ಕಂಪನಿಯ ಜಾಹೀರಾತು.

ಈ ಯಂತ್ರಗಳಲ್ಲಿ ಒಂದು ನೈತಿಕ ಆಕರ್ಷಣೆಯಿದೆ. ದಣಿಯುವವನೂ ನಿಲ್ಲಿಸಬಲ್ಲವನೂ ಒಬ್ಬನೇ. ಉಳಿ ಮೊಂಡಾದರೆ, ಮರ ಗಟ್ಟಿಯಾದರೆ, ಸುದ್ದಿ ಮೊದಲು ತೊಡೆಗೆ ಮುಟ್ಟುತ್ತದೆ. ವಿದ್ಯುತ್ ಮೋಟಾರಿನಲ್ಲಿ ಆ ಭಾರ ಹೊರುವವರು ಬೇರೆಲ್ಲೋ ಇರುತ್ತಾರೆ, ಕಲ್ಲಿದ್ದಲ ಗಣಿಯಲ್ಲಿ, ಶರಾವತಿಯ ಮುಳುಗಡೆಯ ಊರುಗಳಲ್ಲಿ. ಅವರ ದಣಿವು ಸ್ವಿಚ್ಚಿನವರೆಗೆ ಬರುವುದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಅದು ಹಳತಿನ ಮೇಲಿನ ಮೋಹವಷ್ಟೇ ಆದೀತು. ಯಾಕೆಂದರೆ ಹಬೆಯ ಜೊತೆ ಪೈಪೋಟಿ ಎಂದರೇನು? ಸಣ್ಣ ಊರಿನ ಬಡಗಿ ಒಂದು ಬಾಗಿಲಿಗೆ ಎಷ್ಟು ಕೇಳಬಹುದೆಂದು ತೀರ್ಮಾನಿಸುವುದು ದೂರದ ನಗರದ ಹಬೆ ಗಿರಣಿ. ಆ ಬೆಲೆಗೆ ಹೊಂದಬೇಕಾದರೆ ಇವನ ಕಾಲು ಆ ಎಂಜಿನ್ನಿನ ತಾಳಕ್ಕೆ ಓಡಬೇಕು. ಎಂಜಿನ್ ಅವನ ಕೊಟ್ಟಿಗೆಯಲ್ಲಿಲ್ಲ, ಅದರ ತಾಳ ಮಾತ್ರ ಹೊಸ್ತಿಲು ದಾಟಿ ಬಂದು ಪೆಡಲಿನ ಮೇಲೆ ಕೂತಿದೆ. ನಿಲ್ಲಿಸುವ ಹಕ್ಕು ಅವನಿಗಿದೆ ನಿಜ. ಸಂಜೆಯ ಊಟ ಬಿಡುವ ಹಕ್ಕೂ ಎಲ್ಲರಿಗೂ ಇದೆ! ಅದಕ್ಕೂ ಹಿಂದೆ, 17ನೇ ಶತಮಾನದ ಲಂಡನ್ನಿನಲ್ಲಿ ಜೋಸೆಫ್ ಮಾಕ್ಸನ್ ಕಸುಬುಗಳ ಬಗ್ಗೆ ಬರೆದ ಪುಸ್ತಕದಲ್ಲಿ ದೊಡ್ಡ ಗಾಲಿಯ ಲೇತ್ ಬರುತ್ತದೆ. ಅಲ್ಲಿ ಕಡೆಯುವವನೊಬ್ಬ, ಗಾಲಿ ತಿರುಗಿಸುವವನು ಇನ್ನೊಬ್ಬ. ಮೋಟಾರ್ ಬರುವುದಕ್ಕೆ ಮೊದಲೇ ಮನುಷ್ಯ ಮೋಟಾರಾಗಿದ್ದ.

ಯಂತ್ರಗಳನ್ನು ಅಷ್ಟಾಗಿ ಒಪ್ಪದ ಗಾಂಧೀಜಿ ತುಳಿಯುವ ಯಂತ್ರವೊಂದಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದರು. 1924ರಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿಯೊಡನೆ ಮಾತಾಡುತ್ತ ಅವರು ಸಿಂಗರ್ ಹೊಲಿಗೆ ಯಂತ್ರವನ್ನು ಹೊಗಳಿದರು: ಹೊಲಿದು ಹೊಲಿದು ಬಳಲುತ್ತಿದ್ದ ಹೆಂಡತಿಯನ್ನು ಕಂಡು, ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದನಂತೆ. (ಹಲವು ಹೆಂಗಸರೊಡನೆ ಸಂಸಾರ ಮಾಡಿ 20ಕ್ಕೂ ಹೆಚ್ಚು ಮಕ್ಕಳ ತಂದೆಯಾದ ಐಸಾಕ್ ಸಿಂಗರ್‌ಗೆ ಈ ಕತೆ ಅಷ್ಟಾಗಿ ಒಪ್ಪುವುದಿಲ್ಲ.) ಹುಡುಗ ಬಿಡಲಿಲ್ಲ. ಹೊಲಿಗೆ ಯಂತ್ರ ಮಾಡುವುದಕ್ಕೆ ಕಾರ್ಖಾನೆ ಬೇಕಲ್ಲ, ಅಲ್ಲಿ ದೊಡ್ಡ ಯಂತ್ರಗಳು ಬೇಕಲ್ಲ, ಎಂದು ಕೇಳಿದ. ಗಾಂಧೀಜಿ ಒಪ್ಪಿದರು. ಅಂಥ ಕಾರ್ಖಾನೆಗಳು ಸರ್ಕಾರದ ಕೈಯಲ್ಲಿರಲಿ, ಅಲ್ಲಿನ ದುಡಿಮೆ ಲಾಭದಾಸೆಗಲ್ಲದೆ ಪ್ರೀತಿಗಾಗಿ ನಡೆಯಲಿ ಎಂದರು. ಆ ಉತ್ತರಕ್ಕಿಂತ ಆ ಪ್ರಶ್ನೆಯೇ ದೊಡ್ಡದೆಂದು ನನ್ನ ಭಾವನೆ. ಕಾರ್ಖಾನೆಯ ಒಡೆಯ ಬದಲಾದ ಮಾತ್ರಕ್ಕೆ ಅದರ ವೇಗ ಬದಲಾಗುತ್ತದೆಯೇ? ಬಾರ್ನ್ಸ್ ಯಂತ್ರದ ಗಾಲಿಯನ್ನೂ ಯಾರೋ ಕುಲುಮೆಯ ಬೆಂಕಿಯೆದುರು ನಿಂತು ಎರಕ ಹೊಯ್ದಿದ್ದರು.

ಈಗ ಅಮೆರಿಕದಲ್ಲಿ ಹವ್ಯಾಸಿಗಳು ಆ ಯಂತ್ರಗಳನ್ನು ಹುಡುಕಿ ತಂದು, ತುಕ್ಕು ತೆಗೆದು, ಹೊಸ ಬೆಲ್ಟ್ ಹಾಕಿ ತುಳಿಯುತ್ತಾರೆ. ಸಾಕೆನಿಸಿದಾಗ ಇಳಿದು ಕಾಫಿ ಕುಡಿಯುತ್ತಾರೆ. ಅವರ ಸಂತೋಷ ಸುಳ್ಳಲ್ಲ. ಆದರೆ ಆ ಬಿಡುವನ್ನು ಕೊಟ್ಟಿದ್ದು ಯಂತ್ರವಲ್ಲ, ಬೇರೆಲ್ಲಿಂದಲೋ ಬರುವ ಸಂಬಳ ಅಥವಾ ಪಿಂಚಣಿ.

ನಮ್ಮ ಊರುಗಳಲ್ಲಿ ದೀಪಾವಳಿಯ ಹಿಂದಿನ ರಾತ್ರಿ ಇನ್ನೂ ಒಂದೊಂದು ಟೈಲರ್ ಅಂಗಡಿ ತೆರೆದಿರುತ್ತದೆ. ಯಂತ್ರ ಅವರದೇ, ಕಾಲೂ ಅವರದೇ. ಬೆಳಗಾಗುವುದರೊಳಗೆ ಕೊಡಬೇಕಾದ ರವಿಕೆಗಳು ಇನ್ನೂ ಎಂಟು ಹತ್ತು ಬಾಕಿ ಇರುತ್ತವೆ.