ಒದೆತ ಯಾರಿಗೆ?

ರೈಫಲ್ಲಿನ ತೋಟಾ ಹಾಕುವ ರಿವಾಲ್ವರುಗಳೂ ಇವೆ. ಗಿಡ್ಡ ನಳಿಗೆಯೊಳಗೆ ಅಷ್ಟೂ ಮದ್ದು ಉರಿದು ತೀರುವುದಿಲ್ಲ. ಉಳಿದದ್ದು ಬಾಯಾಚೆ ಬೆಂಕಿಯಾಗುತ್ತದೆ, ಒದೆತ ಕೈಗೆ ಬೀಳುತ್ತದೆ. ಅದಕ್ಕೇ ತೋಟಾವನ್ನು ತಾವೇ ತುಂಬಿಕೊಳ್ಳುವವರು ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ.

ಸಿಟ್ಟನ್ನೂ ಹೀಗೆ ತೂಗಬೇಕೆ? ನಮ್ಮ ನರಗುಂದದ ಬಾಬಾಸಾಹೇಬರ ದತ್ತಕಕ್ಕೆ ಕಂಪನಿ ಸರಕಾರ ಒಪ್ಪಲಿಲ್ಲ. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆಯಾಯಿತು. ಸಂಸ್ಥಾನ ಪುಟ್ಟದು, ಸಿಟ್ಟು ದೊಡ್ಡದು. ಜೂನ್‌ನಲ್ಲಿ ಬೆಳಗಾವಿಯಲ್ಲಿ ಅವರಿಗೆ ಗಲ್ಲಾಯಿತು. ತಾಯಿ, ಹೆಂಡತಿ ಮಲಪ್ರಭೆಯ ಪಾಲಾದರು.

ಅವರು ಸುಮ್ಮನಿರಬೇಕಿತ್ತೆಂದು ನಾನು ಹೇಳಲಾರೆ. ಆ ಸಿಟ್ಟು ನ್ಯಾಯದ್ದೇ. ಆದರೆ ಬಂದೂಕಿನ ಒದೆತ ಹಾರಿಸಿದವನಿಗಷ್ಟೇ, ಸಿಟ್ಟಿನ ಒದೆತ ಮನೆಯೊಳಗಿನ ಹೆಂಗಸರಿಗೂ. ಮದ್ದು ತೂಗುವ ಹೊತ್ತಿಗೆ ಅವರನ್ನೂ ಒಂದು ಮಾತು ಕೇಳಬೇಕಲ್ಲವೆ?