ನಿನ್ನೆಯ ಹಾಗೇ ಪದ್ಯ ಹೇಳಿ

"ಆ ನಮೂನಿ ಪದ್ಯ ಈಗ ಎಲ್ಲಿದ್ದು ಮಾರಾಯ?"

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾವ ಯಕ್ಷಗಾನದ ಆಟಕ್ಕೆ ಹೋದರೂ ಈ ಮಾತು ಕಿವಿಗೆ ಬೀಳದೆ ಬೆಳಗಾಗುವುದಿಲ್ಲ. ಹೇಳುವವರು ಸಾಮಾನ್ಯವಾಗಿ ಅರವತ್ತು ದಾಟಿದವರು. ಬಾಯಲ್ಲಿ ಕವಳ, ಕೈಯಲ್ಲಿ ಬ್ಯಾಟರಿ, ಬಗಲಲ್ಲಿ ಹೌದು ಹೌದು ಎನ್ನಲು ಒಬ್ಬ ಜೊತೆಗಾರ. ಹೊಸ ಭಾಗವತ ಎರಡನೇ ಪದ್ಯ ಎತ್ತುವುದರೊಳಗೆ ಇವರ ತೀರ್ಪು ಹೊರಬಿದ್ದಿರುತ್ತದೆ. ಇದನ್ನು ಹಳಬರ ಹಳಹಳಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಮಾತಿನೊಳಗೆ ಸುಲಭಕ್ಕೆ ಬಿಡಿಸಲಾಗದ ಒಂದು ತೊಡಕಿದೆ. ಇವರು ನೆನೆಯುತ್ತಿರುವ ಭಾಗವತರು ಒಂದೇ ಪದ್ಯವನ್ನು ಎರಡು ರಾತ್ರಿ ಒಂದೇ ಥರ ಹೇಳಿದವರಲ್ಲ. ಇವತ್ತು ಏನು ಮಾಡುತ್ತಾರೋ ಎಂಬ ಕುತೂಹಲಕ್ಕೇ ಇವರೆಲ್ಲ ಗದ್ದೆಯಂಚು ಹಾದು, ಹೊಳೆ ದಾಟಿ ಆಟಕ್ಕೆ ಹೋಗುತ್ತಿದ್ದರು. ಆಗ ಹೊಸದಕ್ಕೆ ಹಾತೊರೆದವರು ಈಗ ಹಳೆಯದೇ ಮರಳಲಿ ಎನ್ನುತ್ತಾರೆ. ಮರುಕಳಿಸದೆ ಇದ್ದದ್ದಕ್ಕಾಗಿಯೇ ಮೆಚ್ಚಿದ್ದನ್ನು ಮರುಕಳಿಸಲಿ ಎಂದು ಕೇಳುವುದು ಎಂಥ ಅಭಿಮಾನ?

ನೆಬ್ಬೂರು ನಾರಾಯಣ ಭಾಗವತರನ್ನೇ ತೆಗೆದುಕೊಳ್ಳಿ. ಶಿರಸಿ ಸೀಮೆಯ ನೆಬ್ಬೂರಿನವರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಪದ್ಯ ಹೇಳಿದರು. ಅದೇ ಮೇಳದ ವೇಷಧಾರಿ ಶಂಭು ಹೆಗಡೆಯವರ ರಾಮನಿಗೋ ಹರಿಶ್ಚಂದ್ರನಿಗೋ ನೆಬ್ಬೂರರ ಪದ್ಯ ಎಂದರೆ ಎರಡು ದೇಹ, ಒಂದು ಉಸಿರು ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷ ಕಟ್ಟಿದ್ದ ಶಂಭು ಹೆಗಡೆಯವರು ಅಸ್ವಸ್ಥರಾಗಿ ತೀರಿಕೊಂಡರು. 2019ರ ಮೇ ತಿಂಗಳಲ್ಲಿ ನೆಬ್ಬೂರರೂ ಹೋದರು. ಅವರ ಸ್ವರದಲ್ಲಿ ಗಟ್ಟಿತನಕ್ಕಿಂತ ಬಿಸುಪು ಹೆಚ್ಚು. ಪದ್ಯವನ್ನು ಎಳೆದಾಡದೆ, ಪಾತ್ರಧಾರಿಯ ಮುಖ ನೋಡಿಕೊಂಡು, ಅವನಿಗೆ ಬೇಕಾದಷ್ಟು ಕೊಟ್ಟು ಕೈಬಿಡುತ್ತಿದ್ದರು. ಶಂಭು ಹೆಗಡೆ ಒಂದು ಹೆಜ್ಜೆ ಹೆಚ್ಚು ನಿಂತರೆ ಪದ್ಯವೂ ನಿಲ್ಲುತ್ತಿತ್ತು. ಅಂಥದ್ದನ್ನು ಬರೆದಿಡುವುದು ಹೇಗೆ?

ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿ ಹೇಳಬೇಕು. ಭಾಗವತ ಬರೀ ಗಾಯಕನಲ್ಲ. ಹಾಸ್ಯಗಾರ ರಂಗಸ್ಥಳಕ್ಕೆ ಬಂದಾಗ ಅವನ ಮಾತಿಗೆ ಎದುರು ಮಾತು ಕೊಡುವವನೂ ಇವನೇ. "ಯಾರಯ್ಯಾ ನೀನು? ಎಲ್ಲಿಗೆ ಹೊರಟೆ?" ಎಂದು ಕೇಳಿ, ಅವನು ಎಂಥ ಅಡ್ಡ ಉತ್ತರ ಕೊಟ್ಟರೂ ನಗದೆ, ಏನೂ ಆಗದವನಂತೆ ಮುಂದಿನ ಪ್ರಶ್ನೆ ಹಾಕಬೇಕು. ಮೊದಲು ನಕ್ಕ ಭಾಗವತ ಹಾಸ್ಯ ಕೆಡಿಸಿದ ಎಂದೇ ಲೆಕ್ಕ. ಇಂಗ್ಲೆಂಡಿನಲ್ಲಿ ಹಂಫ್ರಿ ಲಿಟಲ್ಟನ್ ಎಂಬ ಜಾಝ್ ತುತ್ತೂರಿಗಾರನಿದ್ದ. 1956ರಲ್ಲಿ ಅವನ 'ಬ್ಯಾಡ್ ಪೆನ್ನಿ ಬ್ಲೂಸ್' ಅಲ್ಲಿ ಮನೆಮಾತಾಗಿತ್ತು. ಅದೇ ಮನುಷ್ಯ 1972ರಿಂದ ಬಿಬಿಸಿ ರೇಡಿಯೊದ 'ಐ ಆಮ್ ಸಾರಿ ಐ ಹ್ಯಾವಂಟ್ ಎ ಕ್ಲೂ' ಎಂಬ ಹಾಸ್ಯ ಕಾರ್ಯಕ್ರಮದ ಅಧ್ಯಕ್ಷನಾಗಿ, ಸುತ್ತ ಕೂತವರೆಲ್ಲ ಹುಚ್ಚಾಟ ನಡೆಸುತ್ತಿದ್ದರೆ ತಾನು ಮಾತ್ರ ಬೇಸರದ ದನಿಯಲ್ಲಿ ಮುಂದಿನ ಆಟ ಘೋಷಿಸುತ್ತಿದ್ದ. 2008ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಅವನ ಬಗ್ಗೆ ಓದಿದಾಗ ನನಗೆ ಮೊದಲು ಅನಿಸಿದ್ದು, ಇವ ನಮ್ಮ ಭಾಗವತನೇ ಸೈ ಎಂದು. ಸಂಗೀತಗಾರ ನಗಿಸುವುದರಲ್ಲೂ ಗಟ್ಟಿಗನಾಗುವುದು ಆಕಸ್ಮಿಕವಲ್ಲ. ಎರಡಕ್ಕೂ ಬೇಕಾದದ್ದು ಕಾಲದ ಹಿಡಿತ. ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು, ಇನ್ನೊಬ್ಬ ಎಲ್ಲಿಗೆ ಬರುತ್ತಾನೆ ಎಂಬ ಅಂದಾಜು.

ನಮ್ಮ ಕಡೆ ತಿರುಗಾಡುವ ಒಂದು ಕತೆಯಿದೆ. ಆಟದ ನಡುವೆ ಕರೆಂಟು ಹೋಯಿತು. ದೂತನ ವೇಷದ ಹಾಸ್ಯಗಾರ ಕತ್ತಲಲ್ಲೇ ಕೇಳಿದ, "ಭಾಗವತರೇ, ನಮ್ಮ ರಾಜ್ಯದಲ್ಲಿ ಸೂರ್ಯ ಇಷ್ಟು ಬೇಗ ಮುಳುಗುದಾ?" ಭಾಗವತರು ತಾಳವನ್ನು ನಿಧಾನ ಕೆಳಗಿಟ್ಟರು. ಕವಳ ಒಂದು ಬದಿಗೆ ಸರಿಸಿದರು. "ಸೂರ್ಯ ಅಲ್ದಾ, ಲೈನ್‌ಮನ್."

ಈ ಕತೆಯನ್ನು ಒಬ್ಬೊಬ್ಬರ ಬಾಯಲ್ಲಿ ಒಬ್ಬೊಬ್ಬ ಭಾಗವತರ ಹೆಸರಿನಲ್ಲಿ ಕೇಳಿದ್ದೇನೆ. ಊರು ಬದಲಾಗುತ್ತದೆ, ಪ್ರಸಂಗ ಬದಲಾಗುತ್ತದೆ, ಒಮ್ಮೊಮ್ಮೆ ಕರೆಂಟಿನ ಬದಲು ಗ್ಯಾಸ್‌ಲೈಟ್ ಆರುತ್ತದೆ (ಆಗ ಲೈನ್‌ಮನ್ ಎಲ್ಲಿಂದ ಬಂದ ಎಂದು ಯಾರೂ ಕೇಳುವುದಿಲ್ಲ). ಬದಲಾಗದೆ ಉಳಿದದ್ದು ಒಂದೇ. ಹೇಳುವವರೆಲ್ಲ ಉತ್ತರಕ್ಕೆ ಮುಂಚೆ ಒಂದು ಕ್ಷಣ ನಿಲ್ಲುತ್ತಾರೆ. ಕೆಲವರು ಇಲ್ಲದ ತಾಳವನ್ನು ಕೆಳಗಿಡುತ್ತಾರೆ. ಹೆಸರು, ಊರು, ಇಸವಿ ಎಲ್ಲ ಸೋರಿಹೋದ ಮೇಲೂ ಅಭಿಮಾನಿಯ ನೆನಪಿನಲ್ಲಿ ಆ ನಿಲುಗಡೆ ಮಾತ್ರ ಸೋರಿಲ್ಲ. ನೆನಪು ಸುಳ್ಳು ಹೇಳುತ್ತದೆ, ನಿಜ. ಆದರೆ ಯಾವುದರಲ್ಲಿ ಸುಳ್ಳು ಹೇಳುತ್ತದೆ, ಯಾವುದರಲ್ಲಿ ಹೇಳುವುದಿಲ್ಲ ಎಂಬುದನ್ನು ನೋಡಬೇಕು.

ರೆಕಾರ್ಡಿಂಗ್ ಇದಕ್ಕೆ ತದ್ವಿರುದ್ಧ. ಅದು ಸ್ವರ, ಶ್ರುತಿ, ಅಕ್ಷರ ಯಾವುದರಲ್ಲೂ ಸುಳ್ಳು ಹೇಳದು. ಕ್ಯಾಸೆಟ್ ಕಾಲದಲ್ಲಿ ಭಾಗವತ ಕಾಳಿಂಗ ನಾವಡರ ಪದ್ಯ ಕೇಳದ ಅಡಿಕೆ ಅಟ್ಟ ನಮ್ಮಲ್ಲಿ ಇರಲಿಲ್ಲ. ಸುಗ್ಗಿಯ ರಾತ್ರಿ ಅಡಿಕೆ ಸುಲಿಯುವವರಿಗೆ ಟೇಪ್‌ರೆಕಾರ್ಡರ್ ತೂಕಡಿಕೆಗೆ ಮದ್ದು. ಈಗ ಅದೇ ಪದ್ಯಗಳು ಮೊಬೈಲ್‌ನಲ್ಲಿವೆ. ಅದಕ್ಕೂ ಮುಂಚೆ ರೇಡಿಯೊ ಇತ್ತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ, 1965ರಲ್ಲಿ ಬಂದ ಭದ್ರಾವತಿ. ಇಡೀ ರಾತ್ರಿಯ ತಾಳಮದ್ದಳೆ ಕೂಟವನ್ನು ರೇಡಿಯೊದ ಗಡಿಯಾರಕ್ಕೆ ಹೊಂದಿಸುವಾಗ ಮೊದಲು ಕತ್ತರಿ ಬೀಳುತ್ತಿದ್ದದ್ದು ಯಾವುದಕ್ಕೆ? ಏನೂ ಆಗದ ಹೊತ್ತಿಗೆ. ಭಾಗವತ ಕಾಯುವ ಹೊತ್ತು, ಅರ್ಥಧಾರಿ ಎದುರಾಳಿಯ ಮಾತನ್ನು ಅಗಿಯುವ ಹೊತ್ತು. ರೇಡಿಯೊದಲ್ಲಿ ಮೌನ ಬಂದರೆ ಸ್ಟೇಷನ್ ಕೆಟ್ಟಿತೆಂದು ಕೇಳುಗ ಕಿವಿ ತಿರುವುತ್ತಾನೆ. ಧ್ವನಿಮುದ್ರಣ ಪದ್ಯವನ್ನು ಉಳಿಸಿತು. ಪದ್ಯ ಯಾರ ಮುಖ ನೋಡಿ ಹುಟ್ಟಿತೋ ಆ ಮುಖ ಅದರಲ್ಲಿಲ್ಲ. ರಸದ ನೆಲೆ ಸಹೃದಯನೇ ಎಂದ ಅಭಿನವಗುಪ್ತನ ಮಾತನ್ನು ಅಕ್ಷರಶಃ ತೆಗೆದುಕೊಂಡರೆ, ಆಟದ ಅರ್ಧ ಸಾಕ್ಷ್ಯ ಆ ಕವಳದ ಬಾಯಿಯವರಲ್ಲೇ ಇದೆ. ಅವರು ಹೋದರೆ ಅದೂ ಹೋಗುತ್ತದೆ.

ಇಲ್ಲಿಯವರೆಗೆ ನಾನು ಅಭಿಮಾನಿಯ ಪರ. ಜಗಳ ಇನ್ನು ಮುಂದಿನದು.

ಸಾಕ್ಷಿಯಾಗಿದ್ದವ ನ್ಯಾಯಾಧೀಶನಾಗುತ್ತಾನೆ. ಅಲ್ಲಿಂದ ಕೆಡುಕು. 1990ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿ, ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೆ ಬಡಗುತಿಟ್ಟಿನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಊರೂರಿನಲ್ಲಿ ನಾವಡರ ಗಂಟಲು ಕೇಳತೊಡಗಿತು. ಅದೇ ಏರು, ಅದೇ ಕೊನೆಯ ಅಕ್ಷರದ ಎಳೆತ. ಅವರು ಯಾವ ರಾಗವನ್ನು ಯಾವ ಸನ್ನಿವೇಶಕ್ಕೆ ಯಾಕೆ ತಂದರು ಎಂಬ ಲೆಕ್ಕಾಚಾರ ಯಾರಿಗೂ ಬೇಕಿರಲಿಲ್ಲ, ಗಂಟಲು ಸಾಕಿತ್ತು. ಅನುಕರಿಸಿದ ಹುಡುಗರದ್ದೇನು ತಪ್ಪು? ಚಪ್ಪಾಳೆ ಬಿದ್ದದ್ದು ಅಲ್ಲೇ. ಸುಬ್ರಹ್ಮಣ್ಯ ಧಾರೇಶ್ವರರ ಕತೆ ಇನ್ನೂ ಸ್ವಾರಸ್ಯದ್ದು. ಪೆರ್ಡೂರು ಮೇಳದಲ್ಲಿ ಅವರು ಹೊಸ ಹೊಸ ರಾಗಗಳನ್ನು, ಹೊಸ ಧಾಟಿಗಳನ್ನು ತಂದಾಗ "ಇದೆಂತ ಯಕ್ಷಗಾನವಾ?" ಎಂದು ಮೂಗು ಮುರಿದವರು ನಮ್ಮಲ್ಲಿ ಕಡಿಮೆ ಇರಲಿಲ್ಲ. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಈಗ ಅದೇ ಜನ ಹೊಸಬರನ್ನು ಅಳೆಯಲು ಧಾರೇಶ್ವರರ ಪದ್ಯವನ್ನೇ ಕೋಲಾಗಿ ಹಿಡಿದಿದ್ದಾರೆ. ನಿನ್ನೆಯ ತಂಟೆಕೋರ ಇವತ್ತಿನ ಸಂಪ್ರದಾಯ. ಅದಕ್ಕೆ ಸಾವೊಂದು ಸಾಕಾಯಿತು.

ಎದುರು ವಾದವಿದೆ, ಹಗುರಾದದ್ದಲ್ಲ. ನಾವು ಕೇಳುತ್ತಿರುವುದು ನಕಲನ್ನಲ್ಲ, ಮಟ್ಟನ್ನು ಎನ್ನುತ್ತಾರೆ ಬಲ್ಲವರು. ಪದ್ಯಕ್ಕೊಂದು ಮಟ್ಟು, ತಾಳ, ಎತ್ತುಗಡೆ ಇದೆ. ಅದನ್ನು ಬಿಟ್ಟರೆ ಉಳಿಯುವುದು ಯಕ್ಷಗಾನವಲ್ಲ. ನೆಬ್ಬೂರರೇ ಮಟ್ಟು ಬಿಡದವರಲ್ಲವೇ? ಹೌದು. ಹೊಸ್ತೋಟ ಮಂಜುನಾಥ ಭಾಗವತರು ಜೀವಮಾನವಿಡೀ ಊರೂರು ತಿರುಗಿ ಮಕ್ಕಳಿಗೆ ಕಲಿಸಿದ್ದೂ ಇದನ್ನೇ. ಆದರೆ ಮಟ್ಟು ನೆಬ್ಬೂರರದ್ದಲ್ಲ. ಅದು ಅವರಿಗೆ ಹಿಂದಿನವರಿಂದ ಬಂತು, ಮುಂದಿನವರಿಗೆ ಹೋಗಬೇಕು. ಅವರದೇ ಆದದ್ದು ಶಂಭು ಹೆಗಡೆಯವರ ಹೆಜ್ಜೆಗೆ ಕಾದದ್ದು. ಶಂಭು ಹೆಗಡೆಯವರಿಲ್ಲದ ರಂಗಸ್ಥಳದಲ್ಲಿ ಅದೇ ಜಾಗದಲ್ಲಿ ಅಷ್ಟೇ ಹೊತ್ತು ಕಾದರೆ ಅದು ತಪ್ಪು ತಾಳ, ಅಷ್ಟೇ. ಕೊಡಬಹುದಾದ ಆಸ್ತಿ ಯಾವುದು, ಕೊಡಲಾಗದ್ದು ಯಾವುದು ಎಂಬುದನ್ನು ಅಭಿಮಾನ ಬೇರೆ ಮಾಡುವುದಿಲ್ಲ. ಮಟ್ಟು ತಪ್ಪಿದ ಹುಡುಗ ಗಂಟಲು ಹೋಲಿಸಿ ಪಾಸಾಗುತ್ತಾನೆ. ಮಟ್ಟು ಹಿಡಿದ ಹುಡುಗ ಗಂಟಲು ಹೋಲದೆ ಫೇಲಾಗುತ್ತಾನೆ.

ಶಿವರಾಮ ಕಾರಂತರ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಅವರ ಯಕ್ಷರಂಗದ ಹಿಮ್ಮೇಳದಲ್ಲಿ ಪಿಟೀಲು ಬಂತು, ಸ್ಯಾಕ್ಸೊಫೋನ್ ಬಂತು. ವೇಷಧಾರಿಗಳ ಮಾತು ಹೋಯಿತು. ಜಾಝ್‌ನವರ ವಾದ್ಯ ಒಳಗೆ ಬರುವಾಗ ಜಾಝ್‌ನ ಜೀವಾಳವಾದ ಆಶುಗುಣ ಮಾತಿನ ಜೊತೆ ಹೊರಗೆ ಹೋಯಿತು. ಕಾರಂತರ ಮೇಲಿನ ಗೌರವ ಇಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ. ಅವರಿಗೆ ಅಚ್ಚುಕಟ್ಟು ಬೇಕಿತ್ತು, ಅದು ಸಿಕ್ಕಿತು. ಲೈನ್‌ಮನ್‌ಗೆ ಅಲ್ಲಿ ಜಾಗವಿರಲಿಲ್ಲ.

ಇನ್ನೊಂದು ವಿಚಿತ್ರವಿದೆ. ಭಾಗವತನಿಂದ ಹಳೆಯದನ್ನು ಕೇಳುವ ಅದೇ ಪ್ರೇಕ್ಷಕ ಹಾಸ್ಯಗಾರನಿಂದ ಹಳೆಯದನ್ನು ಸಹಿಸುವುದಿಲ್ಲ. ಕಳೆದ ವರ್ಷ ಯಲ್ಲಾಪುರದ ಗಾಂಧಿ ಕುಟೀರದಲ್ಲಿ ಹಾರಿಸಿದ ಚಟಾಕಿಯನ್ನು ಈ ವರ್ಷ ಸಿದ್ದಾಪುರದಲ್ಲಿ ಹಾರಿಸಿ ನೋಡಿ. ಹಿಂದಿನ ಸಾಲಿನಿಂದ ಹಾಸ್ಯಗಾರನಿಗಿಂತ ಮೊದಲೇ ಉತ್ತರ ಬರುತ್ತದೆ. ಒಂದೇ ರಾತ್ರಿ, ಒಂದೇ ಕುರ್ಚಿ, ಎರಡು ನ್ಯಾಯ. ಯಾಕೆ? ನಗು ಬೆಚ್ಚಿಬಿದ್ದು ಹುಟ್ಟುವಂಥದ್ದು, ಎರಡನೇ ಸಲ ಬೆಚ್ಚುವುದಕ್ಕೆ ಆಗುವುದಿಲ್ಲ. ಕರುಣ ಹಾಗಲ್ಲ. ಚಂದ್ರಮತಿ ಮಗನ ಹೆಣದ ಮುಂದೆ ಅಳುತ್ತಾಳೆಂದು ಗೊತ್ತಿದ್ದೇ ಹೋಗುತ್ತೇವೆ, ಗೊತ್ತಿರುವುದರಿಂದಲೇ ಕಣ್ಣು ಬೇಗ ಒದ್ದೆಯಾಗುತ್ತದೆ. ಹೀಗಾಗಿ ಪದ್ಯ ಮರಳಿ ಬರಲಿ ಎಂಬ ಆಸೆಯಲ್ಲಿ ತಪ್ಪಿಲ್ಲ, ಕರುಣಕ್ಕೆ ಮರಳುವುದು ಬೇಕು. ಆದರೆ ಮರಳಬೇಕಾದದ್ದು ಚಂದ್ರಮತಿ. ಭಾಗವತ ಅವಳನ್ನು ಕರೆತರುವವನು ಮಾತ್ರ; ಪ್ರತಿ ಸಲ ಅದೇ ದಾರಿಯಲ್ಲಿ ಕರೆತರಬೇಕೆಂದು ಚಂದ್ರಮತಿಯೇನೂ ಹಟ ಹಿಡಿದಿಲ್ಲ. ಒಬ್ಬನೇ ಮನುಷ್ಯ ನಗಿಸಿಯೂ ಅಳಿಸಿಯೂ ಹೋದಾಗ ಅಭಿಮಾನಿಯ ಲೆಕ್ಕ ತಪ್ಪುವುದು ಇಲ್ಲಿ. ಅವನಲ್ಲಿ ಎರಡೂ ಒಂದೇ ಕಸುಬಾಗಿತ್ತು, ನಮ್ಮ ನೆನಪಿನಲ್ಲಿ ಅವು ಎರಡು ಡಬ್ಬಿಗಳಾಗುತ್ತವೆ. ನಗುವಿನ ಡಬ್ಬಿಯ ಮುಚ್ಚಳ ತೆಗೆದಿಡುತ್ತೇವೆ, ಪದ್ಯದ ಡಬ್ಬಿಗೆ ಬೀಗ ಹಾಕುತ್ತೇವೆ.

ಲಿಟಲ್ಟನ್ ಸತ್ತ ಮೇಲೆ ಅವನ ಕಾರ್ಯಕ್ರಮ ಮುಂದುವರಿಯಬೇಕೇ ಎಂಬ ಪ್ರಶ್ನೆ ಎದ್ದಿತ್ತು. 2009ರಲ್ಲಿ ಅದು ಮರಳಿದಾಗ ಸ್ಟೀಫನ್ ಫ್ರೈ, ಜ್ಯಾಕ್ ಡೀ, ರಾಬ್ ಬ್ರೈಡನ್ ಸರದಿಯಂತೆ ಅಧ್ಯಕ್ಷತೆ ವಹಿಸಿದರು. ಕೊನೆಗೆ ಜ್ಯಾಕ್ ಡೀ ಕಾಯಂ ಆದ. ಜಾಝ್‌ನವನಲ್ಲ, ವೃತ್ತಿಯಿಂದ ಹಾಸ್ಯಗಾರ. ಮುಂದೆಯೂ ಜನ ನಕ್ಕರು.

ನಮ್ಮಲ್ಲಿ ಸಂಸ್ಮರಣೆಯ ಆಟಗಳಲ್ಲಿ, ಗಾನವೈಭವಗಳಲ್ಲಿ ಪ್ರೇಕ್ಷಕರು ಚೀಟಿ ಕಳಿಸುವುದುಂಟು. ಇಂಥ ಪದ್ಯ, ಇಂಥವರ ಶೈಲಿಯಲ್ಲಿ. ಪದ್ಯದ ಹೆಸರು ಇರಲಿ, ತೀರಿಕೊಂಡವರ ಹೆಸರನ್ನು ಚೀಟಿಯಿಂದ ತೆಗೆಯೋಣ ಎಂದು ಸಿದ್ದಾಪುರದ ಗೆಳೆಯರೊಬ್ಬರಿಗೆ ಹೇಳಿದೆ. ಹುಡುಗ ತನಗೆ ತೋಚಿದಂತೆ ಹೇಳಲಿ. ಕೆಡಬಹುದು. ಕೆಟ್ಟರೆ ಮನೆಗೆ ಹೋಗುವ ದಾರಿಯಲ್ಲಿ ಬೈದುಕೊಳ್ಳಲು ನಮಗೆ ಸ್ವಾತಂತ್ರ್ಯ ಇದ್ದೇ ಇದೆ.

ಅವರು ಯೋಚಿಸಿದರು. "ಹಂಗಾರೆ ಅವರ ನೆನಪು ಮಾಡಿದಂಗೆ ಹೆಂಗಾತು?" ಎಂದರು.

"ನೆಬ್ಬೂರರು ಯಾರಿಗಾದ್ರೂ ಚೀಟಿ ನೋಡಿ ಪದ್ಯ ಹೇಳಿದ್ದು ಕಂಡಿದ್ರಾ?" ಎಂದು ಕೇಳಿದೆ.

"ಅದು ಬೇರೆ ಮಾತಾತು," ಎಂದು ಅವರು ಕವಳದ ಸಂಚಿ ಬಿಚ್ಚಿದರು. ಅದು ಬೇರೆ ಮಾತಲ್ಲ ಎಂಬುದೇ ನನ್ನ ವಾದ.