ಕೇಳದೆ ಮಾಡಿಕೊಂಡ ಪ್ರತಿ

1982ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದ ಜೆಡ್‌ಎಕ್ಸ್ ಸ್ಪೆಕ್ಟ್ರಂ ಎಂಬ ಮನೆ ಕಂಪ್ಯೂಟರಿನಲ್ಲಿ ಡಿಸ್ಕ್ ಡ್ರೈವ್ ಇರಲಿಲ್ಲ. ಆಟಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವೈರು. ಕೀರಲು ಸದ್ದು ಒಳಗೆ ಹೋಗಿ ಪ್ರೋಗ್ರಾಂ ಆಗುತ್ತಿತ್ತು. ಸೊನ್ನೆಗೆ ಚಿಕ್ಕ ಸದ್ದು, ಒಂದಕ್ಕೆ ಅದರ ಎರಡರಷ್ಟು ಉದ್ದದ ಸದ್ದು. 48ಕೆ ಆಟವೊಂದು ತುಂಬಿಕೊಳ್ಳಲು ನಾಲ್ಕೈದು ನಿಮಿಷ ಬೇಕಿತ್ತು.

ಇಂದು ಆ ವೈರನ್ನು ಮೊಬೈಲಿಗೆ ಸಿಕ್ಕಿಸಿದರೂ ನಡೆಯುತ್ತದೆ. ಹಳೆಯ ಕ್ಯಾಸೆಟ್ಟಿನ ಸದ್ದು ಫೈಲಿನಲ್ಲಿದ್ದು, ವಾಲ್ಯೂಮ್ ಸರಿಯಿದ್ದರೆ ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ನಮಗೆ: ಆ ಫೈಲು ಯಾರದು?

ಬ್ರಿಟನ್ನಿನ ಕಾನೂನಿನಲ್ಲಿ ಕೃತಿಸ್ವಾಮ್ಯ ಸಾಮಾನ್ಯವಾಗಿ ಬರೆದವರು ತೀರಿಕೊಂಡ ಮೇಲೂ 70 ವರ್ಷ ಉಳಿಯುತ್ತದೆ. ಕ್ಯಾಸೆಟ್ಟಿನ ಆಯುಸ್ಸನ್ನು ಅಷ್ಟು ನೆಚ್ಚಲಾಗದು. ಬರೆದವರು ಎಲ್ಲಿದ್ದಾರೋ, ಮಾರಿದ ಕಂಪನಿ ಇದೆಯೋ ಇಲ್ಲವೋ. ಒಪ್ಪಿಗೆಗೆ ಕಾದು ಕುಳಿತರೆ, ಅದು ಬರುವ ಹೊತ್ತಿಗೆ ಕೊಡಲು ಏನೂ ಉಳಿದಿರಲಿಕ್ಕಿಲ್ಲ.

ಆದ್ದರಿಂದ ಇದು ಕಳ್ಳತನವಲ್ಲ, ರಕ್ಷಣೆ ಎಂದು ಹಲವರು ವಾದಿಸುತ್ತಾರೆ. ನನಗೆ ಅರ್ಧ ಒಪ್ಪಿಗೆ. ಹಸು ಕದ್ದರೆ ಕೊಟ್ಟಿಗೆ ಖಾಲಿಯಾಗುತ್ತದೆ; ಫೈಲ್ ನಕಲು ಮಾಡಿದರೆ ಮೂಲ ಅಲ್ಲೇ ಇರುತ್ತದೆ. ಆದರೆ ಈ ಮಾತು ನಿನ್ನೆ ಬಿಡುಗಡೆಯಾದ ಪುಸ್ತಕದ ನಕಲಿಗೂ ಹೊಂದುತ್ತದೆ. ಎಲ್ಲ ನಕಲನ್ನೂ ಕಾಪಾಡುವ ವಾದವನ್ನು ನಂಬುವುದು ಕಷ್ಟ.

ಕಾನೂನು ಏನೇ ಹೇಳಲಿ, ನೀತಿಯ ಗೆರೆ ಇರುವುದು ಉಳಿಸಿಕೊಳ್ಳುವುದಕ್ಕೂ ಹಂಚುವುದಕ್ಕೂ ನಡುವೆ ಎಂದು ನನಗನ್ನಿಸುತ್ತದೆ. ಬೆಂಕಿ ಬಿದ್ದ ಮನೆಯಿಂದ ಪೆಟ್ಟಿಗೆ ಹೊರತರುವವನು ಬಾಗಿಲು ತಟ್ಟುತ್ತ ನಿಲ್ಲುವುದಿಲ್ಲ. ಆದರೆ ಪೆಟ್ಟಿಗೆಯಲ್ಲಿದ್ದದ್ದನ್ನು ಊರಿಗೆ ಹಂಚುವ ಮುನ್ನ ಮನೆಯವರನ್ನು ಹುಡುಕಬೇಕು.

ಹುಡುಕಿದರೆ ಉತ್ತರ ಸಿಗುವುದೂ ಉಂಟು. 1986ರಲ್ಲಿ ಸಿಂಕ್ಲೇರ್ ಕಂಪ್ಯೂಟರುಗಳ ವ್ಯವಹಾರ ಕೊಂಡ ಆಮ್‌ಸ್ಟ್ರಾಡ್, ಯಂತ್ರದೊಳಗಿನ ಮೂಲ ತಂತ್ರಾಂಶವನ್ನು ಎಮ್ಯುಲೇಟರುಗಳ ಜೊತೆ ಹಂಚಲು ಮುಂದೆ ಒಪ್ಪಿತು. ಹಕ್ಕಿನ ಸೂಚನೆಯನ್ನು ಅಳಿಸಬೇಡಿ ಎಂದಿತು. ಆಟ ಮಾರುತ್ತಿದ್ದ ಕೆಲವು ಕಂಪನಿಗಳು ಬೇಡವೆಂದವು. ವರ್ಲ್ಡ್ ಆಫ್ ಸ್ಪೆಕ್ಟ್ರಂ ಸಂಗ್ರಹ ಆ ಆಟಗಳನ್ನು ಪಟ್ಟಿಯಲ್ಲಿ ಉಳಿಸಿ, ಫೈಲುಗಳನ್ನು ಕೊಡದೆ ಬಿಟ್ಟಿತು.

ಬಾಲ್ಯದ ಆಟವನ್ನು ಮತ್ತೆ ಆಡಲು ಕಾದವರಿಗೆ ಅದು ನಷ್ಟವೇ. ಆದರೂ ಆ ನಷ್ಟವನ್ನು ಹೊರಬೇಕು. ಬೇಡವೆಂದವರ ಮಾತನ್ನು ಕೇಳಿಸಿಕೊಂಡವನಿಗೆ ಮಾತ್ರ, ಎಷ್ಟು ಹುಡುಕಿದರೂ ಸಿಗದವರ ಮೌನವನ್ನು ಒಪ್ಪಿಗೆ ಎಂದು ತಿಳಿಯುವ ಸಲಿಗೆ ಸ್ವಲ್ಪವಾದರೂ ಇರುತ್ತದೆ.